ಅಪ್ಪನ ಹೆಸರಲ್ಲಿ ಹೇಳಿದ ಹಿಮ

ಸೀಲ್ ಕೋವ್, ಕೇಪ್ ಬ್ರೆಟನ್
ಫೆಬ್ರವರಿ 12, 1951

ಪ್ರೀತಿಯ ತಮ್ಮ ಮರ್ಡಕ್,

ನಿನ್ನ ಕೆಮ್ಮು ಹೇಗಿದೆ? ಗಣಿಯ ದೂಳಿಗೆ ಎದೆ ಕಟ್ಟುತ್ತದೆ ಎಂದು ನೀನು ಬರೆದಿದ್ದೆ. ನಾನು ಹೆಣೆದು ಕಳಿಸಿದ ಉಣ್ಣೆಯ ಅಂಗಿ ಹಾಕಿಕೊ, ಹಬ್ಬಕ್ಕೆಂದು ಪೆಟ್ಟಿಗೆಯಲ್ಲಿ ಇಡಬೇಡ. ನಾನು ಆರೋಗ್ಯವಾಗಿದ್ದೇನೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಒಲೆಯ ಸದ್ದು ಜೋರಾಗಿ ಕೇಳುತ್ತದೆ, ಅಷ್ಟೆ. ಅವರ ಬೂಟು ಇನ್ನೂ ಬಾಗಿಲ ಪಕ್ಕದಲ್ಲೇ ಇದೆ.

ಕೊಲ್ಲಿ ಹೆಪ್ಪುಗಟ್ಟಿದೆ. ಮಂಜುಗಡ್ಡೆಯ ಮೇಲಿನ ದಾರಿಯ ಗುರುತಿಗೆ ಕಡಿದ ಸ್ಪ್ರೂಸ್ ಗಿಡಗಳನ್ನು ನೆಡುವ ಅಪ್ಪನ ಕೆಲಸವನ್ನು ಈ ವರ್ಷ ಪಕ್ಕದ ಮನೆಯ ಆರ್ಚಿ ಮಾಡಿದ. ಆದರೆ ಬಿರುಗಾಳಿ ಬರುವಾಗ ದಾಟಬಹುದೇ ಎಂದು ಕೇಳಲು ಜನ ಈಗಲೂ ನಮ್ಮ ಗೇಟಿಗೇ ಬರುತ್ತಾರೆ. ನಿನಗೆ ನೆನಪಿರಬೇಕು, ಅಪ್ಪ ಎಂಥ ಚಳಿಯಲ್ಲೂ ಕಡಲ ಬಂಡೆಯ ತನಕ ನಡೆದು, ಟೋಪಿ ತೆಗೆದು, ಗಾಳಿ ಯಾವ ಕಡೆಯದೆಂದು ನೋಡುತ್ತ ನಿಲ್ಲುತ್ತಿದ್ದರು. ಪೂರ್ವದ ಗಾಳಿ ಉತ್ತರಕ್ಕೆ ತಿರುಗಿದರೆ ಬಿರುಗಾಳಿ ನಮ್ಮನ್ನು ಬಿಟ್ಟು ಹೊರಗಡಲಲ್ಲಿ ಹೋಗುತ್ತಿದೆ ಎಂದರ್ಥ. ಹಿಮ ಬೀಳುತ್ತದೆ, ದಾರಿ ಗಟ್ಟಿ. ದಕ್ಷಿಣಕ್ಕೆ ತಿರುಗಿದರೆ ಅದು ನಮ್ಮ ಪಶ್ಚಿಮಕ್ಕೆ ನೆಲದ ಮೇಲೆ ಸಾಗುತ್ತಿದೆ, ಕಡಲ ಬೆಚ್ಚನೆಯ ಗಾಳಿಯನ್ನು ನಮ್ಮ ಮೇಲೆ ಎಳೆಯುತ್ತದೆ; ಮಳೆ ಬಂದು ಮಂಜುಗಡ್ಡೆ ಒಡೆಯುತ್ತದೆ.

ಹೋದ ವಾರ ಆರ್ಚಿ ಆಚೆ ದಡದಿಂದ ಹುಲ್ಲು ತರಲು ಕುದುರೆ ಕಟ್ಟಿಕೊಂಡು ಬಂದು ಕೇಳಿದ. ನಾನು ಅಡುಗೆಮನೆಯ ಕಿಟಕಿಯಿಂದಲೇ ಪಕ್ಕದ ಮನೆಯ ಚಿಮಣಿಯ ಹೊಗೆ ನೋಡಿದೆ. ದಕ್ಷಿಣಕ್ಕೆ ಬಾಗಿತ್ತು, ಗಾಳಿ ಉತ್ತರದ್ದು ಅಂದುಕೊಂಡೆ. ದಕ್ಷಿಣದ ಗಾಳಿ ನಮ್ಮ ಹಿಂದಿನ ಗುಡ್ಡ ದಾಟಿ ಬಂದು, ಇಲ್ಲಿ ಸುತ್ತಿ, ಹೊಗೆಯನ್ನು ತಿರುಗಿ ಗುಡ್ಡದ ಕಡೆಗೇ ತಳ್ಳುತ್ತದೆ ಎಂದು ಗೊತ್ತಿದ್ದೂ ಹೊರಗೆ ಕಾಲಿಡಲಿಲ್ಲ. ಬಾಗಿಲಿಗೆ ಹೋದರೆ ಆ ಬೂಟು ಕಾಣುತ್ತದಲ್ಲ. "ಹಿಮಾನೇ ಬರೋದು, ಹೋಗು ಆರ್ಚಿ. ಅಪ್ಪ ಇದ್ದಿದ್ರೂ ಇದನ್ನೇ ಹೇಳ್ತಿದ್ರು" ಎಂದುಬಿಟ್ಟೆ.

ಅವನು ಮರಳುವಾಗ ಮಳೆ ಹೊಯ್ಯುತ್ತಿತ್ತು. ದಡದ ಹತ್ತಿರ ಮಂಜುಗಡ್ಡೆ ಬಿರಿಯಿತು. ಆರ್ಚಿ ತೆವಳಿ ಉಳಿದ. ಹುಲ್ಲಿನ ಬಂಡಿಯ ಜೊತೆ ಅವನ ಕುದುರೆ ಜೆಸ್ ಮುಳುಗಿತು. ನೀನು ಸಕ್ಕರೆ ಕದ್ದು ತಿನ್ನಿಸುತ್ತಿದ್ದ ಅದೇ ಜೆಸ್.

ಮರುದಿನ ಆರ್ಚಿಯ ಹೆಂಡತಿ ಹೆಕ್ಟರೀನಾ ಓಟ್ಸ್ ರೊಟ್ಟಿ ಹಿಡಿದು ಬಂದು ನನ್ನನ್ನೇ ಸಮಾಧಾನ ಮಾಡಿದಳು. "ಅಳ್ಬೇಡ ಫ್ಲೋರಾ. ನಿಮ್ಮಪ್ಪಾನೂ ಮನುಷ್ಯರೇ ಅಲ್ವಾ, ಅವ್ರ ಲೆಕ್ಕಾನೂ ಒಂದ್ಸಲ ತಪ್ತು." ನಾನು ತಲೆಯಾಡಿಸಿದೆ, ಮರ್ಡಕ್. ರೊಟ್ಟಿಯನ್ನೂ ತಿಂದೆ. ಈಗ ಕಮ್ಮಾರನ ಅಂಗಡಿಯಲ್ಲಿ ಅಪ್ಪನ ಹೆಸರೆತ್ತಿ, "ಲಾಕಿ ಮುದುಕ ಮಣ್ಣೊಳಗಿಂದ ಗಾಳಿ ನೋಡ್ತಾನೆ, ತಪ್ಪದೆ ಇನ್ನೇನು" ಎಂದು ನಗುತ್ತಾರಂತೆ. ಬಾಯಿ ಕಟ್ಟಿದ ಹಾಗೆ ಇದ್ದೇನೆ. ನಿನಗೂ ಹೇಳದಿದ್ದರೆ ಅಪ್ಪನ ಕುರ್ಚಿಯ ಕಡೆ ಹೇಗೆ ನೋಡಲಿ?

ನಿನ್ನ ಎದೆ ಬೆಚ್ಚಗಿರಲಿ, ದೇವರು ನಿನ್ನನ್ನು ನೆಲದಡಿಯಿಂದ ಪ್ರತಿದಿನ ಮೇಲಕ್ಕೆ ಕರೆತರಲಿ.

ನಿನ್ನ ಅಕ್ಕ
ಫ್ಲೋರಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹೆಕ್ಟರೀನಾ ಬಂದಳು. ಆ ಮಾತು ನನ್ನದು, ಅಪ್ಪನದಲ್ಲ, ನಾನು ಬಂಡೆಗೆ ಹೋಗಲೇ ಇಲ್ಲ ಎಂದು ಹೇಳಿಬಿಟ್ಟೆ. ಅವಳು ಕಿಟಕಿಯಾಚೆಯ ಕೊಲ್ಲಿಯ ಕಡೆ ನೋಡಿದಳು. ಆಮೇಲೆ, "ಆರ್ಚಿ ನಾಳೆ ಎರವಲು ಕುದುರೆ ತಗೊಂಡು ದಾಟ್ಬೇಕು. ಗಾಳಿ ಎಲ್ಲಿದೆ?" ಎಂದಳು. ಗೊತ್ತಿಲ್ಲ ಎಂದೆ. ಬಂಡೆಗೆ ಹೋಗಲು ಅಪ್ಪನ ಬೂಟು ಹಾಕಿಕೊಂಡಿದ್ದೇನೆ, ನನಗೆ ದೊಡ್ಡದು. ಅವಳು ಬಾಗಿಲಲ್ಲಿ ಕಾಯುತ್ತಿದ್ದಾಳೆ.