ಕಟಕಟೆಯಲ್ಲಿ ಹೇಳಿದ ‘ಹೌದು’

೧೮ ಜುಲೈ, ಶುಕ್ರವಾರ

ಇವತ್ತು ರೇವಣಸಿದ್ದಪ್ಪ ಜೈಲಿನಿಂದ ಹೊರಬಂದ. ಏಳು ವರ್ಷದ ಹಿಂದೆ ಅವನ ಹೆಂಡತಿಯ ಹೆಣದ ಹತ್ತಿರ ಸಿಕ್ಕ, ‘ನನ್ನ ಸಾವಿಗೆ ನಾನೇ ಕಾರಣ’ ಎಂಬ ಚೀಟಿಯ ಅಕ್ಷರ ಅವನದೇ ಎಂದು ಸಾಕ್ಷಿ ಹೇಳಿದ ಕೈಬರಹ ತಜ್ಞೆ ನಾನು. ವರದಿಯಲ್ಲಿ ‘ಇರಬಹುದು’ ಎಂದಷ್ಟೇ ಬರೆದಿದ್ದೆ. ಕಟಕಟೆಯಲ್ಲಿ ವಕೀಲರು, “ಹೌದೋ ಅಲ್ಲವೋ ಹೇಳಿ” ಎಂದಾಗ ಹೌದು ಅಂದುಬಿಟ್ಟೆ. ಈಗ ಅವಳ ಹಳೇ ನೋಟ್‌ಬುಕ್ಕುಗಳು ಸಿಕ್ಕಿವೆ. ಅಕ್ಷರ ಹೋಲಿಸಿ ನೋಡಿದೆ: ಸಾಯುವ ಮೊದಲು ಚೀಟಿ ಬರೆದವಳು ಅವಳೇ.

ಕ್ಷಮೆ ಕೇಳಲು ಜೈಲಿನ ಬಾಗಿಲಿಗೇ ಹೋಗಿದ್ದೆ. ಅವನು ಬೈಯಲಿಲ್ಲ. “ನನ್ನ ಮಾತು ಯಾರೂ ನಂಬಂಗಿಲ್ರಿ ಮೇಡಂ. ನನ್ನ ಮಗಳಿಗೆ ನೀವ ಹೇಳ್ರಿ” ಅಂದ.

ನಾಂಪಲ್ಲಿಯಲ್ಲಿರುವ ಅವನ ಅತ್ತೆಯ ಮನೆಗೆ ಇಬ್ಬರೂ ಹೋದೆವು. ಶೈಲಶ್ರೀಗೆ ಈಗ ಹನ್ನೊಂದು. ಅಪ್ಪನನ್ನು ಕಂಡವಳೇ ಅಜ್ಜಿಯ ಹಿಂದೆ ಸರಿದಳು.

“ನಿಮ್ಮಪ್ಪ ಏನೂ ಮಾಡಿಲ್ಲಮ್ಮ. ತಪ್ಪು ಹೇಳಿದಾಕಿ ನಾನು” ಅಂದೆ.

“ಆಗ ತಪ್ಪು ಹೇಳಿದ್ರಿ. ಈಗ ಹೇಳಾಕತ್ತಿದ್ದು ಖರೇ ಅಂತ ಹೆಂಗ ನಂಬ್ಲಿ?” ಅಜ್ಜಿಯ ಹಿಂದಿನಿಂದಲೇ ಶೈಲಶ್ರೀ ಕೇಳಿದಳು.

ರೇವಣಸಿದ್ದಪ್ಪ ದಾರಿಯಲ್ಲಿ ಕೊಂಡಿದ್ದ ಬಳೆಗಳನ್ನು ಹೊಸ್ತಿಲ ಮೇಲಿಟ್ಟು ಮೆಟ್ಟಿಲಿಳಿದು ಹೋದ. ನಾಲ್ಕು ವರ್ಷದ ಮಗುವಿನ ಕೈಗೆ ಆಗುವ ಬಳೆಗಳು. ಕೊಳ್ಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಹೇಳಲು ಬಾಯಿ ಬರಲಿಲ್ಲ.