ನೀಲಿ ಬಂದೂಕು

ಕಂಪ್ಲಿ
ಶುಕ್ರವಾರ, ೧೪ ನವೆಂಬರ್ ೨೦೦೮

ಗೆಳೆಯ ಯಲ್ಲೇಶನಿಗೆ, ರೈಸ್ ಮಿಲ್ಲಿನ ಬಸವಕುಮಾರ ಬರೆಯುವುದು.

ಕವರಿನ ಮೇಲೆ ನನ್ನ ಹೆಸರು ಹಾಕಿಲ್ಲ. ಹಾಕಿದ್ದರೆ ನೀನು ಒಡೆಯದೆಯೇ ಒಲೆಗೆ ಹಾಕುತ್ತಿದ್ದೆ. ನೀನೀಗ ಇರುವ ಎಮ್ಮಿಗನೂರು ನಮ್ಮ ಮಿಲ್ಲಿನಿಂದ ಸೈಕಲ್ ಮೇಲೆ ಬರುವಷ್ಟೇ ದೂರ. ಎರಡು ಸಲ ಹೊರಟೆ, ಎರಡು ಸಲವೂ ಕಾಲುವೆಯ ಸೇತುವೆಯವರೆಗೆ ಬಂದು ತಿರುಗಿದೆ. ನಿನ್ನ ಎದುರು ನಿಂತರೆ ಅರ್ಧ ಹೇಳಿ ಅರ್ಧ ನುಂಗುತ್ತೇನೆಂದು ನನಗೇ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿಮ್ಮವ್ವ ಜಂಬವ್ವ ಮಿಲ್ಲಿಗೆ ಬಂದಿದ್ದಳು. ಹೊಸಪೇಟೆಯಿಂದ ನಿನ್ನನ್ನು ನೋಡಲು ಹೊರಟವಳು, ದಾರಿಯಲ್ಲಿ ಇಳಿದು ಐದು ಕಿಲೋ ನುಚ್ಚು ಕಟ್ಟಿಸಿಕೊಂಡಳು. ನನ್ನನ್ನು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಆರಾಮಿದ್ದೀಯಾ ಎಂದು ಕೇಳಿದಳು. ನೀನು ಅಕ್ಕನ ಮನೆಯಲ್ಲಿದ್ದು ಕಬ್ಬು ಕಡಿಯಲು ಹೋಗುತ್ತಿದ್ದೀಯೆಂದು ಹೇಳಿದಳು. ಆಮೇಲೆ ಚೀಲ ಎತ್ತಿಕೊಳ್ಳುತ್ತ, "ಉಳಿ ಮುಟ್ಟವಲ್ಲ ನೋಡಪ. ಅಕ್ಕನ ಮನಿ ಬಾಗಲ ಮುರದಿತ್ತು, ಅದನ್ನೂ ಬ್ಯಾರೆ ಬಡಿಗ್ಯಾನ ಕಡೆ ಮಾಡಿಸ್ಯಾರ" ಎಂದಳು. ದೂರಿದಂತೆಯೂ ಇರಲಿಲ್ಲ, ಸುದ್ದಿ ಹೇಳಿದಂತಿತ್ತು. ಅವತ್ತಿನಿಂದ ನನಗೆ ಕೆಲಸದಲ್ಲಿ ಮನಸ್ಸಿಲ್ಲ.

ಸೋಮವಾರ ಸಂಡೂರಿನ ಕೋರ್ಟಿನಲ್ಲಿ ನಿನ್ನ ಕೇಸು ಬರುತ್ತದೆ. ನನ್ನನ್ನೂ ಸಾಕ್ಷಿಗೆ ಕರೆದಿದ್ದಾರೆ. ಅಲ್ಲಿ ನಿಜ ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ಹೇಳಬೇಕು. ಈ ಪತ್ರದ ಒಂದು ಝೆರಾಕ್ಸ್ ನಿನ್ನ ವಕೀಲರಿಗೂ ಕೊಡುವವನಿದ್ದೇನೆ. ಅವರಿಗೆ ತಿಳಿಯಲೆಂದು ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

೨೦೦೬ರ ಬೇಸಿಗೆ. ನೀನು ಹೊಸಪೇಟೆಯಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಡಗಿ. ಅದಿರು ಹೊರುವ ಲಾರಿಗಳು ಸರದಿಗೆ ನಿಂತಿರುತ್ತಿದ್ದ ಕಾಲ. ನಾನು ಬಿ.ಕಾಂ. ಓದುತ್ತೇನೆಂದು ಕಂಪ್ಲಿಯಿಂದ ಬಸ್ಸಿಗೆ ಬಂದು ಕಾಲೇಜಿಗಿಂತ ಹೆಚ್ಚು ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದೆ. ನಮ್ಮ ಪರಿಚಯ ಆದದ್ದೂ ಅಲ್ಲಿಯೇ. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರು. ಮೌಸ್ ನಿನ್ನ ಕೈಯಲ್ಲಿ, ಕೀಬೋರ್ಡು ನನ್ನ ಕೈಯಲ್ಲಿ. ಆ ಆಟದಲ್ಲಿ ಹಿಮದ ಬೆಟ್ಟ ದಾಟಿದವರಿಗೆ ಒಂದು ಉದ್ದನೆಯ ನೀಲಿ ಬಂದೂಕು ಸಿಗುತ್ತಿತ್ತು. ಅದು ನಮಗೆ ಸಿಕ್ಕ ದಿನ ನೀನು ಒಂದು ಗುಂಡೂ ಹಾರಿಸಲಿಲ್ಲ. ಆಟ ನಿಲ್ಲಿಸಿ, ಪರದೆಯ ಮೇಲಿನ ಆ ಬಂದೂಕನ್ನೇ ನೋಡುತ್ತ ಕೂತುಬಿಟ್ಟೆ. ದುಡ್ಡು ಹೋಗುತ್ತಿದೆ, ಆಡು ಮಾರಾಯ ಎಂದು ನಾನು ಗೊಣಗಿದರೆ ನೀನು, "ಇದನ್ನ ಮಾಡಬೌದಲೇ" ಎಂದೆ.

ಮುಂದಿನ ಭಾನುವಾರ ತೆಳು ಕಾಗದ ತಂದು ಪರದೆಗೆ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ತಿದ್ದಿಕೊಂಡೆ. ಪರದೆ ಹಾಳಾಗುತ್ತದೆಂದು ಸೆಂಟರಿನವನು ಇಬ್ಬರನ್ನೂ ಎಬ್ಬಿಸಿ ಕಳಿಸಿದ. ಆ ಚಿತ್ರ ಗೇಣುದ್ದ ಇತ್ತು. ಅದನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕೆಂದು ತಿಳಿಯಲು, ಆಟದ ಸೈನಿಕನ ಬೆರಳಿನ ಅಳತೆಗೆ ನಿನ್ನ ಬೆರಳು ಹೋಲಿಸಿ ಲೆಕ್ಕ ಹಾಕಿದೆ. ನನಗೆ ಅದು ಇವತ್ತಿಗೂ ಆಶ್ಚರ್ಯ.

ಹಿಡಿಕೆ ಮತ್ತು ಹಿಂಭಾಗಕ್ಕೆ ಶೆಡ್ಡಿನಲ್ಲಿ ಉಳಿದ ಬೇವಿನ ಹಲಗೆ. ನಳಿಕೆಗೆ ನೀರಿನ ಪ್ಲಾಸ್ಟಿಕ್ ಪೈಪು. ಪಕ್ಕಗಳಲ್ಲಿ ತಗಡಿನಂತೆ ಕಾಣುವ ತೆಳು ಭಾಗಗಳಿಗೆ ನಾನು ನಮ್ಮ ಸೋದರಮಾವನ ಲಾರಿಗಳಿಂದ ಎಂಜಿನ್ ಆಯಿಲ್ ಕ್ಯಾನುಗಳನ್ನು ತಂದುಕೊಟ್ಟೆ. ಅವನ್ನು ಕತ್ತರಿಸಿ, ನಿಮ್ಮ ಮನೆಯ ಒಲೆಯ ಮೇಲೆ ಬಿಸಿ ಮಾಡಿ, ಮೆತ್ತಗಾದ ಮೇಲೆ ಎರಡು ಹಲಗೆಗಳ ನಡುವೆ ಒತ್ತಿ ಸಪಾಟು ಮಾಡಿದೆವು. ಅನ್ನ ಬೇಯುವ ಒಲೆಯ ಮೇಲೆ ಎಂಥ ನಾತ ಎಬ್ಬಿಸಿದ್ದೀರಿ ಎಂದು ನಿಮ್ಮವ್ವ ಸೌದೆ ಹಿಡಿದು ಬಂದಿದ್ದಳು. ಬೆರಳಿನಿಂದ ಒತ್ತುವ ಕುದುರೆಗೆ ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿದೆ, ಒತ್ತಿದರೆ ಟಕ್ಕೆನ್ನುತ್ತಿತ್ತು. ಎರಡು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ನನಗೆ ಉಪ್ಪುಕಾಗದ ಉಜ್ಜುವ ಕೆಲಸ ಒಂದನ್ನೇ ಕೊಡುತ್ತಿದ್ದೆ, ಅದನ್ನೂ ಆಮೇಲೆ ನೀನೇ ಇನ್ನೊಮ್ಮೆ ಉಜ್ಜುತ್ತಿದ್ದೆ. ಕೊನೆಗೆ ಲಾರಿಯ ಪೇಂಟರನ ಹತ್ತಿರ ಉಳಿದ ನೀಲಿ ಬಣ್ಣ. ಒಂದೇ ಬೆರಳಿನ ಮೇಲೆ ಅದನ್ನು ಅಡ್ಡ ಇಟ್ಟು, ಆ ಕಡೆ ಈ ಕಡೆ ವಾಲದೆ ನಿಂತದ್ದನ್ನು ತೋರಿಸಿದೆ. ಹಿಂಭಾಗದ ಅಡಿಯಲ್ಲಿ ಉಳಿಯಿಂದ 'ಯ' ಎಂದು ಕೆತ್ತಿದೆ. ನನ್ನ ಹೆಸರಿನ 'ಬ'ವನ್ನೂ ಕೆತ್ತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಕೆತ್ತುತ್ತಿದ್ದೆ. ಕೇಳದ್ದಕ್ಕೆ ಆಮೇಲೆ ಒಂದು ದಿನ ಖುಷಿಪಟ್ಟಿದ್ದೇನೆ. ಇದನ್ನೂ ಬರೆದಿಡಬೇಕು.

ಇನ್ನು ನಿನಗೆ ಗೊತ್ತಿಲ್ಲದ್ದು.

ಪರೀಕ್ಷೆ ಮುಗಿದ ಮೇಲೆ ನಾನು ಚನ್ನಯ್ಯ ಮಾವನ ಜೊತೆ ಸಂಡೂರಿನ ಹತ್ತಿರದ ವಡ್ಡು ಎಂಬ ಊರಿನ ಕಡೆ ಓಡಾಡತೊಡಗಿದೆ. ಅವರ ಲಾರಿಗಳು ಗಣಿಯಿಂದ ಅದಿರು ತರುವ ಅಡ್ಡದಾರಿಯ ಪಕ್ಕದಲ್ಲೇ ಕೊಟ್ರಮ್ಮ ಎನ್ನುವಾಕೆಯ ಮೆಣಸಿನಕಾಯಿ ಹೊಲ. ಗಿಡದ ಮೇಲೆಲ್ಲ ಕೆಂಪು ಧೂಳು. ಆಕೆ ಲಾರಿ ಓಡಿಸಬೇಡಿ ಎನ್ನಲಿಲ್ಲ. ದಿನಕ್ಕೆ ಎರಡು ಸಲ ಟ್ಯಾಂಕರಿನಿಂದ ದಾರಿಗೆ ನೀರು ಹೊಡೆಸಿ ಎಂದಳು, ಅಷ್ಟೇ. ಮಾವ ಹೂಂ ಅಂದರು, ಹೊಡೆಸಲಿಲ್ಲ. ಆಕೆ ಒಂದು ಕಲ್ಲು ಉರುಳಿಸಿಕೊಂಡು ಬಂದು ದಾರಿಯ ನಡುವೆ ಕೂತಳು. ಮರುದಿನ ಇನ್ನೂ ಮೂವರು ಹೆಂಗಸರು ಬಂದು ಕೂತರು. ಲಾರಿಗಳು ನಿಂತವು.

ಮಾವನ ಮುಂದೆ ಆ ಬಂದೂಕಿನ ಮಾತು ತೆಗೆದವನು ನಾನು. ಯಾರೂ ಕೇಳಿರಲಿಲ್ಲ. ನಮ್ಮ ಹತ್ತಿರ ಒಂದಿದೆ, ನೋಡಿದರೆ ಸಾಕು ಎದ್ದು ಹೋಗುತ್ತಾರೆ ಎಂದು ತಮಾಷೆಗೆ ಅಂದೆ. ಮಾವ ನಗಲಿಲ್ಲ. "ತಗಂಬಾ" ಎಂದರು. ನಾನು ನಿನ್ನ ಹತ್ತಿರ ಬಂದು, ನಮ್ಮ ಚಿಕ್ಕಪ್ಪನ ಮಗಳು ನೋಡಬೇಕೆನ್ನುತ್ತಾಳೆ, ನಾಲ್ಕು ದಿನ ಕೊಡು ಎಂದೆ. ನೀನು ಹಳೆಯ ಸೀರೆಯಲ್ಲಿ ಸುತ್ತಿ, ನಳಿಕೆಯ ಮೇಲೆ ಭಾರ ಹಾಕಬೇಡ ಎಂದು ಹೇಳಿ ಕೊಟ್ಟೆ. ನೀಲಿ ಬಣ್ಣ ಕಂಡರೆ ಯಾರೂ ನಂಬುವುದಿಲ್ಲ ಎಂದು ಮಾವ ಅಂದಾಗ, ಅದನ್ನು ಮಿಲ್ಲಿನ ಗೋಡೌನಿಗೆ ಒಯ್ದು ನನ್ನ ಕೈಯಾರೆ ಕಪ್ಪು ಬಣ್ಣ ಬಳಿದೆ. ಎರಡು ಸಲ ಬಳಿದರೂ ಮೂಲೆಗಳಲ್ಲಿ ನೀಲಿ ಇಣುಕುತ್ತಿತ್ತು. ಮೂರನೇ ಸಲ ಬಳಿದೆ.

೨೦೦೭ರ ಜನವರಿ, ಸಂಕ್ರಾಂತಿಯ ಮಾರನೇ ದಿನದ ಸಂಜೆ. ಜೀಪಿನಲ್ಲಿ ಮಾವ, ಡ್ರೈವರ್ ಮುರುಗೇಶ್, ಹಿಂದೆ ನಾನು. ಧೂಳಿಗೆಂದು ಮೂವರೂ ಮುಖಕ್ಕೆ ಟವೆಲ್ ಕಟ್ಟಿದ್ದೆವು. ಮುರುಗೇಶ್ ಬಂದೂಕು ಹಿಡಿದು ಇಳಿದ. ಉಳಿದ ಹೆಂಗಸರು ಎದ್ದು ಹೊಲಕ್ಕೆ ಓಡಿದರು. ಕೊಟ್ರಮ್ಮ ಓಡಲಿಲ್ಲ. ಎದ್ದು ನಿಂತು, ಹಿಂದೆ ಹಿಂದೆ ಸರಿಯುತ್ತ ಹೋಗಿ ದಾರಿಯ ಪಕ್ಕದ ಗುಂಡಿಗೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಜನ ಕೂಗುತ್ತ ಬರುವುದು ಕಂಡು ನಾವು ಜೀಪು ತಿರುಗಿಸಿದೆವು. ಆ ಗಡಿಬಿಡಿಯಲ್ಲಿ ಬಂದೂಕು ಅಲ್ಲೇ ಬಿತ್ತು.

ಅದರ ಅಡಿಯ 'ಯ' ನೋಡಿ, ಇಂಥ ಮರಗೆಲಸ ಯಾರದೆಂದು ವಿಚಾರಿಸುತ್ತ ಪೊಲೀಸರು ಶೆಡ್ಡಿಗೆ ಬಂದರು. ನೀನು ನಿಜವನ್ನೇ ಹೇಳಿದೆ, ಗೆಳೆಯನಿಗೆ ಕೊಟ್ಟಿದ್ದೆ ಎಂದು. ನನ್ನನ್ನು ಠಾಣೆಗೆ ಕರೆಸಿದರು. ಮಾವ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನೀನು ಗೋಡೆಗೆ ಒರಗಿ ನೆಲದ ಮೇಲೆ. ಮುಂದಿನದನ್ನು ನೀನು ಕೇಳಿದ್ದೀಯ, ವಕೀಲರಿಗಾಗಿ ಬರೆಯುತ್ತೇನೆ. ನಾನು ಹೇಳಿದ್ದು: "ಅದು ನನ್ನ ಹತ್ರ ಬಂದೇ ಇಲ್ಲ ಸರ್. ನಾನು ನೋಡಿದ್ದು ನೀಲಿ ಬಂದೂಕು. ಇದು ಬ್ಯಾರೆ."

ನೀನು ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದೆ. ಆಮೇಲೆ ಅವರು ಏನು ಕೇಳಿದರೂ ನೀನು ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಹದಿನೆಂಟು ದಿನ ಒಳಗಿದ್ದೆ. ಜಾಮೀನಿನ ಮೇಲೆ ಹೊರಬಂದಾಗ ಶೆಡ್ಡಿನವರು ನಿನ್ನ ಉಳಿ, ರಂದಾ, ಗರಗಸ ಎಲ್ಲ ಗೋಣಿಚೀಲಕ್ಕೆ ತುಂಬಿ ಬಾಗಿಲಲ್ಲಿ ಇಟ್ಟಿದ್ದರಂತೆ. ಆ ಹದಿನೆಂಟು ದಿನ ನಾನು ಸುಮ್ಮನೆ ಮಿಲ್ಲಿಗೆ ಹೋಗಿ ಬಂದುಕೊಂಡಿದ್ದೆ. ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ ಎಂದೆಲ್ಲ ಬರೆಯಬಹುದು. ಊಟ ಸೇರುತ್ತಿತ್ತು.

ಮಾವನಿಗೆ ಸೋಮವಾರದ ವಿಷಯ ಹೇಳಿದ್ದೇನೆ. ಅವರು ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಅರ್ಧಕ್ಕೇ ಕೈ ತೊಳೆದು, ಇನ್ನು ಈ ಮನೆಗೂ ತಮಗೂ ಸಂಬಂಧವಿಲ್ಲ ಎಂದು ಎದ್ದು ಹೋದರು. ಅಮ್ಮ ಅತ್ತಳು, ಆಕೆಗೆ ಒಬ್ಬನೇ ತಮ್ಮ. ಅಪ್ಪಾಜಿ ಸಂಜೆ ಗಲ್ಲಾ ಮುಚ್ಚುವಾಗ, ಯಲ್ಲೇಶನ ತಾಯಿಗೆ ಕೊಟ್ಟ ನುಚ್ಚಿಗೆ ದುಡ್ಡು ತೆಗೆದುಕೊಂಡೆಯಾ ಎಂದು ಕೇಳಿದರು. ತೆಗೆದುಕೊಂಡೆ, ಬೇಡವೆಂದರೂ ಅವರೇ ಬಿಡಲಿಲ್ಲ ಎಂದೆ. ಸರಿ ಎಂದು ದೀಪ ಆರಿಸಿದರು.

ಮೊನ್ನೆ ಕೊಟ್ರಮ್ಮನ ಮನೆಗೂ ಹೋಗಿದ್ದೆ. ಕೋಲು ಹಿಡಿದು ನಡೆಯುತ್ತಾಳೆ, ಹೊಲ ಪಾಲಿಗೆ ಕೊಟ್ಟಿದ್ದಾಳೆ. ಕುಂದ್ರು ಎಂದಳು, ನೀರು ಕೊಟ್ಟಳು. ಯಲ್ಲೇಶ ಅಲ್ಲಿರಲೇ ಇಲ್ಲ, ನಾನು ಕೋರ್ಟಿನಲ್ಲಿ ಹೇಳುತ್ತೇನೆ ಎಂದೆ. ಪೊಲೀಸರು ಆಸ್ಪತ್ರೆಯ ಬಾಗಿಲಲ್ಲಿ ನಿನ್ನನ್ನು ನಿಲ್ಲಿಸಿ ತೋರಿಸಿದಾಗಲೇ, ನೀನಲ್ಲವೆಂದು ಆಕೆ ಅವರಿಗೆ ಹೇಳಿದ್ದಳಂತೆ. "ಆ ಹುಡುಗ ಸಣ್ಣಾಂವ, ಬಂದಾಂವ ಎತ್ತರ ಇದ್ದ ಅಂದೆ. ಹಂಗಾರ ಯಾರು ಅಂತ ಕೇಳಿದ್ರು. ಮಾರಿ ಕಟಿಗೊಂಡಿದ್ರಪ, ಏನಂತ ಹೇಳ್ಲಿ" ಎಂದಳು. ಆ ದಾರಿಗೆ ಈಗಲೂ ನೀರು ಹೊಡೆಸುತ್ತಿಲ್ಲ.

ಕ್ಷಮಿಸು ಎಂದು ಬರೆಯಲು ಮೂರು ಸಲ ಕಾಗದದ ಮೇಲೆ ಪೆನ್ನು ಇಟ್ಟೆ. ಆ ಮಾತನ್ನು ನೀನು ಕೇಳುವ ಕಷ್ಟಕ್ಕೆ ಯಾಕೆ ಸಿಕ್ಕಬೇಕು ಅನ್ನಿಸಿ ಬಿಟ್ಟಿದ್ದೇನೆ. ಸೋಮವಾರ ನೀನು ನನ್ನ ಕಡೆ ನೋಡಬೇಕೆಂದೂ ಇಲ್ಲ. ಅಕ್ಕನ ಮನೆಯ ಬಾಗಿಲಿನ ಮಾತು ಕೇಳಿದಾಗಿನಿಂದ ಒಂದೇ ಆಸೆ. ನಾನು ಮಾಡಿದ್ದು ನನ್ನ ಹೆಸರಿಗೆ ಬರಲಿ. ನೀನು ಮಾಡಿದ್ದು, ಆ ಬೇವಿನ ಹಲಗೆ, ಆ ಬೆರಳ ಮೇಲಿನ ತೂಕ, ಅಷ್ಟು ಮಾತ್ರ ನಿನ್ನ ಹೆಸರಿಗೆ ಉಳಿಯಲಿ.

ಹೊಸಪೇಟೆಯಿಂದ ಮೊದಲ ಬಸ್ಸಿಗೆ ಸಂಡೂರಿಗೆ ಹೋಗುತ್ತೇನೆ.

ನಿನ್ನ ಪಕ್ಕದಲ್ಲಿ ಕೂತು ಆಡಿದವನು,
ಬಸವಕುಮಾರ

ಬಿಟ್ಟದ್ದು: ಕವರಿಗೆ ಅಂಟು ಹಚ್ಚಿದ್ದವನು ಮತ್ತೆ ಬಿಚ್ಚಿದ್ದೇನೆ. ಮೇಲೆ ಮುರುಗೇಶನ ಬಗ್ಗೆ ಬರೆದದ್ದು ಸುಳ್ಳು. ಅವನು ಸ್ಟೇರಿಂಗ್ ಬಿಟ್ಟು ಇಳಿಯಲೇ ಇಲ್ಲ. ಬಂದೂಕು ಹಿಡಿದು ಇಳಿದವನು ನಾನು. ಕೊಟ್ರಮ್ಮನ ಮನೆಯಲ್ಲಿ ನಡೆದದ್ದನ್ನೂ ಪೂರ್ತಿ ಬರೆದಿಲ್ಲ. ಆಕೆ ಕುಂದ್ರು ಎಂದಾಗ ಏನು ಹೇಳಬೇಕೆಂದು ತೋಚದೆ ಮೂಗಿನಲ್ಲೇ ಸಣ್ಣಗೆ ನಕ್ಕೆ. ಆಕೆ ನೀರಿನ ಚೆಂಬು ಹಿಡಿದು ಹಾಗೇ ನಿಂತಳು. ಆಮೇಲೆ ಕೊಟ್ಟಳು. ನಾನು ಕುಡಿದು ಮುಗಿಸಿದ ಮೇಲೆ ಹೇಳಿದಳು: "ಬಂದೂಕಿಗೆ ಅಂಜಿದ್ದಿಲ್ಲಪ ನಾನು. ಟವೆಲ್ ಒಳಗ ನೀ ಹಿಂಗs ನಗತಿದ್ದಿ. ಅದಕ್ಕ ಅಂಜಿ ಹಿಂದ ಸರದೆ."

ಈ ಪುಟವೂ ವಕೀಲರಿಗೆ ಹೋಗುತ್ತದೆ.