ಇಪ್ಪತ್ತೆರಡು ಚಕ್ರಗಳು

ಹಿತ್ತಲ ಷೆಡ್ಡಿನಿಂದ,
ಅಕ್ಟೋಬರ್ ೧೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಕೂದಲೆಳೆ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಎರಡನೇ ಸಾಲಿಗೆ ಬರುವಷ್ಟರಲ್ಲಿ ಸಿಟ್ಟು ನೆತ್ತಿಗೇರಿ ಕಾಗದ ಹರಿದು ಹಾಕಿದೆ. ಕಾರ್ಖಾನೆಯಲ್ಲಿ ನಮಗೆ ಅಡ್ಡಹೆಸರಿಟ್ಟವರು ಸುಮ್ಮನೆ ಇಡಲಿಲ್ಲ ನೋಡು. ಅಳತೆಯಲ್ಲಿ ನೀನು ಕೂದಲೆಳೆಯಷ್ಟೂ ಬಿಡುತ್ತಿರಲಿಲ್ಲ, ನಾನು ಯಾರನ್ನೂ ಚುಚ್ಚದೆ ಬಿಡುತ್ತಿರಲಿಲ್ಲ.

"ಪೇಪರಿನಲ್ಲಿ ನಿಮ್ಮೆಜಮಾನರ ಫೋಟೋ ನೋಡಿದೆ, ಹಿತ್ತಲಲ್ಲೇ ರೈಲು ಕಟ್ಟಿದ್ದಾರಂತಲ್ಲ, ನನ್ನ ಅಭಿನಂದನೆ ತಿಳಿಸು" ಅಂತ ನೀನು ಬರೆದಿದ್ದೆ. ತಿಳಿಸಿಲ್ಲ ಕಣೇ. ತಿಳಿಸುವುದೂ ಇಲ್ಲ. ನಿನಗೆ ಇಷ್ಟು ದಿನ ಹೇಳದೆ ಗುಟ್ಟಾಗಿಟ್ಟಿದ್ದು ನನ್ನದೇ ತಪ್ಪು. ಎಲ್ಲ ಮುಗಿದ ಮೇಲೆ ನಿನ್ನನ್ನು ಕರೆಸಿ, ಮುಂದಿನ ಡಬ್ಬಿಯಲ್ಲಿ ಕೂರಿಸಿ, ಒಂದು ಸುತ್ತು ಸುತ್ತಿಸಿ, ಆಮೇಲೆ "ಇದು ಯಾರ ಕೈಕೆಲಸ ಹೇಳು" ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಪೇಪರಿನವರೇ ನಿನಗೆ ಉತ್ತರ ಕೊಟ್ಟುಬಿಟ್ಟರು, ಅದೂ ತಪ್ಪು ಉತ್ತರ.

ಮೊದಲಿನಿಂದ ಹೇಳುತ್ತೇನೆ.

ಇವರು ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಟ್ಟವರು. ಜಾಲರಿಯ ಹಿಂದೆ ಕೂತು ಊರವರನ್ನೆಲ್ಲ ರೈಲು ಹತ್ತಿಸಿದರೇ ಹೊರತು ಒಂದು ದಿನವೂ ಎಂಜಿನ್ ಮುಟ್ಟಿದವರಲ್ಲ. ನಿವೃತ್ತಿಯಾದ ಮೇಲೆ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡುತ್ತಿದ್ದರು. ಒಂದು ದಿನ ಎಲ್ಲಿಂದಲೋ ನಕ್ಷೆಗಳ ಸುರುಳಿ ತಂದು ಊಟದ ಮೇಜಿನ ಮೇಲೆ ಹರವಿ, "ಇದು ನಮ್ಮ ಹಿತ್ತಲಲ್ಲಿ ಆಗತ್ತೇನೇ?" ಅಂದರು. ಮಂಡಿಯೆತ್ತರದ ಉಗಿ ಎಂಜಿನ್, ಐದಿಂಚು ಅಂತರದ ಜೋಡಿ ಹಳಿ. ಹಿಂದೆ ಎರಡು ಉದ್ದನೆಯ ಡಬ್ಬಿ. ಕುದುರೆ ಮೇಲೆ ಕೂತ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು ಒಂದೊಂದರಲ್ಲಿ ಮೂರು ಜನ ಕೂರಬಹುದು. ಇವರು ಕೇಳಿದ ರೀತಿಯಲ್ಲೇ "ಆಗಲ್ಲ ಅಂತ ಹೇಳ್ಬಿಡು, ಸುಮ್ಮನಾಗ್ತೀನಿ" ಅನ್ನುವ ಸಂಕಟವಿತ್ತು.

ಕಾರ್ಖಾನೆ ಮುಚ್ಚಿದಾಗ ನಾನು ಹಟ ಹಿಡಿದು ಮನೆಗೆ ತಂದ, ಕಬ್ಬಿಣ ಕಡೆಯುವ ಲೇತು ನೆನಪಿದೆಯಲ್ಲ, ಅದು ಷೆಡ್ಡಿನಲ್ಲಿ ಹಳೇ ಹಾಸು ಹೊದ್ದು ಮಲಗಿತ್ತು. "ಹಳಿ ನೀವು ಹಾಕೋದಾದ್ರೆ ಚಕ್ರ ನಾನು ಮಾಡ್ತೀನಿ" ಅಂದೆ.

ನಾಲ್ಕು ವರ್ಷ ಹಿಡಿಯಿತು. ಇವರ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ನೆಲ ಮಟ್ಟ ಮಾಡಿದರು, ಜಲ್ಲಿ ಹೊತ್ತರು, ಬಟ್ಟೆ ಒಣಗಿಸುವ ತಂತಿಯ ಕೆಳಗಿನಿಂದ ನೀರಿನ ತೊಟ್ಟಿ ಬಳಸಿ, ನಿಂಬೆಗಿಡದ ಸುತ್ತ ತಿರುಗಿ ಮನೆಗೊಂದು ಪ್ರದಕ್ಷಿಣೆ ಬರುವಂತೆ ಹಳಿ ಹಾಸಿದರು. ಬಾಯ್ಲರನ್ನು ಇಬ್ಬರೂ ಹೋಗಿ ಬೆಸುಗೆಯವರ ಹತ್ತಿರ ಮಾಡಿಸಿದೆವು. ಉಳಿದದ್ದು? ಸಿಲಿಂಡರು ಕೊರೆದವಳು ನಾನು, ಪಿಸ್ಟನ್ ಕಡೆದವಳು ನಾನು. ಎಂಜಿನ್ನಿಗೆ ಆರು, ಡಬ್ಬಿಗೆ ಎಂಟೆಂಟು, ಒಟ್ಟು ಇಪ್ಪತ್ತೆರಡು ಚಕ್ರಗಳನ್ನು ಎರಕದ ಬಿಲ್ಲೆಯಿಂದ ಒಂದೊಂದಾಗಿ ಲೇತಿಗೆ ಕಟ್ಟಿ ತೆಗೆದವಳು ನಾನು. ಹಳಿಯ ಮೇಲೆ ಕೂರುವ ಮೈ ಪೂರ್ತಿ ಚಪ್ಪಟೆಯಾಗಿರಬಾರದು, ಕಣ್ಣಿಗೆ ಕಾಣದಷ್ಟು ಇಳಿಜಾರಿರಬೇಕು, ಆಗಲೇ ತಿರುವಿನಲ್ಲಿ ಗಾಡಿ ತಾನಾಗಿ ನಡುವಿಗೆ ಬರುವುದು ಅಂತ ಇವರಿಗೆ ನಾಲ್ಕು ಸಲ ಹೇಳಿಕೊಟ್ಟೆ. ಇವರು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತು "ಇಷ್ಟು ಸಾಕಲ್ವೇನೇ, ಯಾರು ನೋಡ್ತಾರೆ?" ಅನ್ನುತ್ತಿದ್ದರು. "ಯಾರೂ ನೋಡ್ಬೇಕಾಗಿಲ್ಲ, ಹಳಿಗೆ ಗೊತ್ತಾಗತ್ತೆ" ಅನ್ನುತ್ತಿದ್ದೆ.

ಸುಳ್ಳೇಕೆ, ಆ ನಾಲ್ಕು ವರ್ಷ ನಾವು ಹೊಸದಾಗಿ ಮದುವೆಯಾದವರ ಹಾಗಿದ್ದೆವು. ಮೊದಲ ಸಲ ಉಗಿ ಏರಿ ಎಂಜಿನ್ ತಾನಾಗಿ ಒಂದು ಮಾರು ಮುಂದೆ ಹೋದಾಗ ಇವರು ಅಲ್ಲೇ ಜಲ್ಲಿಯ ಮೇಲೆ ಕೂತು ಅತ್ತುಬಿಟ್ಟರು. ನಾನು ನಕ್ಕೆ. ಆಮೇಲೆ ಷೆಡ್ಡಿಗೆ ಹೋಗಿ ನಾನೂ ಅತ್ತೆ.

ಭಾನುವಾರಗಳಲ್ಲಿ ಬೀದಿಯ ಜನ ಬರಲು ಶುರು ಮಾಡಿದರು. ಸುದ್ದಿ ಹಬ್ಬಿ ಪೇಪರಿನ ಹುಡುಗಿಯೊಬ್ಬಳು ಬಂದಳು, ಇಪ್ಪತ್ತೈದು ಇರಬಹುದು, ಮೈಯೆಲ್ಲ ಚುರುಕು. ಅವಳು ಬಂದಾಗ ನಾನು ಡಬ್ಬಿಯ ಕೆಳಗೆ ಮಲಗಿ ಗ್ರೀಸ್ ಹಚ್ಚುತ್ತಿದ್ದೆ. ಎದ್ದು ಬಂದು ನಮಸ್ಕಾರ ಅನ್ನುವಷ್ಟರಲ್ಲಿ ಇವರು, "ಸ್ವಲ್ಪ ಚಹಾ ಮಾಡ್ತೀಯಾ?" ಅಂದರು. ಮನೆಗೆ ಬಂದವರಿಗೆ ಚಹಾ ಕೊಡುವುದರಲ್ಲಿ ಏನಿದೆ ಅಂತ ಕೈ ತೊಳೆದುಕೊಂಡು ಹೋದೆ. ಗ್ರೀಸು ಬಿಡಬೇಕಲ್ಲ, ಹತ್ತು ನಿಮಿಷವಾಯಿತು. ತಿರುಗಿ ಬರುವಷ್ಟರಲ್ಲಿ ಮಾತೆಲ್ಲ ಮುಗಿದು ಫೋಟೋ ನಡೆಯುತ್ತಿತ್ತು.

ಅವಳು ಬರೆದದ್ದನ್ನು ನೀನು ಓದಿದ್ದೀಯ. ಆದರೂ ಇನ್ನೊಂದು ಸಲ ಓದಿಸುತ್ತೇನೆ, ನನಗೆ ಬಾಯಿಪಾಠವಾಗಿದೆ: "ಪತಿಯ ಈ ಏಕಾಂಗಿ ಸಾಹಸಕ್ಕೆ ಪತ್ನಿ ಹೊತ್ತುಹೊತ್ತಿಗೆ ಚಹಾ ಒದಗಿಸಿ ಬೆನ್ನೆಲುಬಾಗಿ ನಿಂತಿದ್ದಾರೆ."

ಇಪ್ಪತ್ತಾರು ವರ್ಷ ಲೇತಿನ ಮುಂದೆ ನಿಂತ ಟರ್ನರಮ್ಮನಿಗೆ ಸಿಕ್ಕ ಬಿರುದು ಇದು ಕೂದಲೆಳೆ. ಚಹಾ ಒದಗಿಸುವ ಬೆನ್ನೆಲುಬು.

ಪೇಪರು ಇವರ ಮುಂದೆ ಹಿಡಿದೆ. ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಪೇಪರಿನವರು ಹಾಗೇನೇ. ಒಂದು ಹೇಳಿದ್ರೆ ಒಂದು ಬರೀತಾರೆ" ಅಂದರು.

"ನೀವು ಏನು ಹೇಳಿದ್ರಿ?"

"ಎಲ್ಲಾ ಹೇಳಿದ್ದೆ."

ನಂಬಿದೆ. ಸಿಟ್ಟೆಲ್ಲ ಆ ಹುಡುಗಿಯ ಮೇಲೆ ತಿರುಗಿತು. ಸಂಪಾದಕರಿಗೆ ಎರಡು ಪುಟದ ಕಾಗದ ಬರೆದು ಹಾಕಿದೆ. ಮಗಳು ಫೋನಿನಲ್ಲಿ, "ಅಮ್ಮಾ, ಅಪ್ಪಂಗೆ ಜೀವನದಲ್ಲಿ ಒಂದ್ಸಲ ಪೇಪರಲ್ಲಿ ಫೋಟೋ ಬಂದಿದೆ. ಖುಷಿಪಡ್ಲಿ ಬಿಡು. ನಿಂಗೆ ಇದೆಲ್ಲ ಯಾಕೆ?" ಅಂದಳು. ಉರಿಯುವ ಬೆಂಕಿಗೆ ತುಪ್ಪ. "ನಿನ್ನ ಆಫೀಸಲ್ಲಿ ನೀನು ಮಾಡಿದ ಕೆಲಸಕ್ಕೆ ಪಕ್ಕದ ಕುರ್ಚಿಯವನ ಹೆಸರು ಹಾಕಿದ್ರೆ ಆಗ ಫೋನ್ ಮಾಡು" ಅಂತ ಇಟ್ಟೆ.

ಬುಧವಾರ

ನಿನ್ನೆ ಅಲ್ಲಿಗೆ ನಿಲ್ಲಿಸಿದ್ದೆ, ಗ್ಯಾಸಿನವನು ಬಂದ. ಮುಂದುವರಿಸುತ್ತೇನೆ.

ಪೇಪರಿನಲ್ಲಿ ಬಂದ ಮೇಲೆ ಭಾನುವಾರದ ಜನ ಎರಡರಷ್ಟಾದರು. ಇವರು ಟೋಪಿ ಹಾಕಿಕೊಂಡು ಎಂಜಿನ್ನಿನ ಹಿಂದೆ ಕೂರುತ್ತಿದ್ದರು. ಯಾರೋ "ಚಕ್ರ ಎಲ್ಲಿಂದ ತರಿಸಿದ್ರಿ ಸಾರ್?" ಅಂತ ಕೇಳಿದರೆ, "ಎಲ್ಲಾ ಇಲ್ಲೇ ಮಾಡಿದ್ದು" ಅನ್ನುತ್ತಿದ್ದರು. ಯಾರು ಮಾಡಿದ್ದು ಅನ್ನುವುದು ಗಂಟಲಲ್ಲೇ ಉಳಿಯುತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. ನಾನು ಎರಡು ಭಾನುವಾರ ನುಂಗಿಕೊಂಡೆ.

ಮೂರನೆಯ ಭಾನುವಾರ ನಮ್ಮ ಬೀದಿಯ ಔಷಧಿ ಅಂಗಡಿಯವರು ಸಂಸಾರ ಸಮೇತ ಬಂದರು. ತೂಕದ ಮನುಷ್ಯ, ಒಬ್ಬರೇ ಒಂದೂವರೆ ಜಾಗ. ಹಿಂದಿನ ಡಬ್ಬಿಯಲ್ಲಿ ಕೂತರು. ನಿಂಬೆಗಿಡದ ತಿರುವಿಗೆ ಬಂದಾಗ ಡಬ್ಬಿ ಹಳಿ ತಪ್ಪಿ ಕಟಕಟ ಅಂತ ಹಳಿಯಡಿಯ ಅಡ್ಡಪಟ್ಟಿಗಳ ಮೇಲೆ ಕುಣಿದು ವಾಲಿತು. ಯಾರಿಗೂ ಪೆಟ್ಟಾಗಲಿಲ್ಲ. ಅಂಗಡಿಯವರು ನಿಂಬೆಗಿಡವನ್ನು ತಬ್ಬಿಕೊಂಡು ನಿಂತರು, ಅಷ್ಟೇ. ಇವರು ಓಡಿಬಂದು, ಬಗ್ಗಿ ನೋಡಿ, ಅಷ್ಟೂ ಜನರ ಎದುರಿಗೆ ಏನಂದರು ಗೊತ್ತೇ? "ಚಕ್ರ ಸರಿಯಿಲ್ಲ ಅನ್ಸತ್ತೆ. ಚಕ್ರದ್ದೇ ತೊಂದರೆ."

ಓಡುವಾಗ ಇವರ ರೈಲು. ಬಿದ್ದಾಗ ಚಕ್ರ.

ಎಲ್ಲರೂ ಹೋದ ಮೇಲೆ ಕ್ಯಾಲಿಪರ್ ತಂದು ಡಬ್ಬಿಯ ಎಂಟೂ ಚಕ್ರ ಅಳೆದೆ. ಒಂದೂ ಜರುಗಿರಲಿಲ್ಲ. ಹಳಿ ಅಳೆದೆ. ತಿರುವಿನಲ್ಲಿ ಎರಡು ಹಳಿಗಳ ನಡುವಿನ ಅಂತರ ನಾಲ್ಕು ಮಿಲಿಮೀಟರು ಹೆಚ್ಚಾಗಿತ್ತು. ಜಲ್ಲಿ ಸರಿಸಿ ನೋಡಿದರೆ ಸಾಲಾಗಿ ಮೂರು ಪಟ್ಟಿಗಳಿಗೆ ಒಳಗಡೆಯ ಸ್ಕ್ರೂ ಹಾಕಿಯೇ ಇರಲಿಲ್ಲ. ಇವರಿಗೆ ಬೆನ್ನುನೋವಿದ್ದ ವಾರ ಹಾಸಿದ ಜಾಗ ಅದು, ಆಮೇಲೆ ಮರೆತುಬಿಟ್ಟಿದ್ದಾರೆ. ಇವರ ಕಣ್ಣಿಗೆ ಬೀಳಲಿ ಅಂತ ಜಲ್ಲಿ ಮುಚ್ಚದೆ ಬಿಟ್ಟೆ.

ಮಾರನೆಯ ಬೆಳಿಗ್ಗೆ ಇವರು ಕ್ಷೌರಕ್ಕೆ ಹೋದಾಗ ಡಬ್ಬಿಗಳನ್ನು ಮಗುಚಿ, ಎಂಜಿನ್ನಿಗೆ ಜಾಕ್ ಕೊಟ್ಟು, ಇಪ್ಪತ್ತೆರಡೂ ಚಕ್ರಗಳನ್ನು ಅಚ್ಚಿನ ಸಮೇತ ಕಳಚಿದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಷೆಡ್ಡಿನ ಅಟ್ಟಣೆಗೆ ಏರಿಸಿ ಬೀಗ ಹಾಕಿದೆ. ಇವರು ಬಂದು ಬಾಯಿಬಿಟ್ಟುಕೊಂಡು ನಿಂತರು.

"ಏನೇ ಇದು?"

"ಚಕ್ರ ಸರಿಯಿಲ್ಲ ಅಂದ್ರಲ್ಲ, ಸರಿಮಾಡೋಕೆ ತೆಗೆದಿದ್ದೀನಿ. ಚಹಾ ಮಾಡೋದ್ರಲ್ಲಿ ಬಿಡುವಾದಾಗ ಮಾಡ್ತೀನಿ."

ಎರಡು ಭಾನುವಾರ ಬಂದ ಜನ ಗೇಟಿನಿಂದಲೇ ತಿರುಗಿ ಹೋದರು. "ದುರಸ್ತಿಯಲ್ಲಿದೆ" ಅಂತ ಇವರು ಹಲಗೆ ಬರೆದು ತೂಗುಹಾಕಿದರು. ಈ ನಡುವೆ ನನ್ನ ಕಾಗದಕ್ಕೆ ಪೇಪರಿನವರ ಉತ್ತರವೂ ಬಂತು, ಏಳನೇ ಪುಟದ ಮೂಲೆಯಲ್ಲಿ, ಹಳೇ ಸ್ಕೂಟರಿನ ಜಾಹೀರಾತಿನ ಕೆಳಗೆ: "ರೈಲಿನ ಕೆಲವು ಬಿಡಿಭಾಗಗಳ ತಯಾರಿಕೆಯಲ್ಲಿ ಪತ್ನಿಯ ಸಹಕಾರವೂ ಇತ್ತೆಂದು ತಿಳಿದುಬಂದಿದೆ." ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಕಳೆದ ಶುಕ್ರವಾರ ಷೆಡ್ಡಿನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಸ್ಕ್ರೂ ಡ್ರೈವರು, ಮಂಡಿಯೆಲ್ಲ ಮಣ್ಣು. "ಆ ಮೂರು ಪಟ್ಟಿ ಸರಿ ಮಾಡಿದೆ. ಎಲ್ಲಾ ಕಡೆ ಅಳೆದಿದ್ದೀನಿ. ನೀನೊಂದ್ಸಲ ನೋಡ್ತೀಯಾ?" ಅಂದರು. ಹೋಗಿ ಅಳೆದೆ. ಸರಿಯಾಗಿತ್ತು. "ತಪ್ಪು ಹಳೀದು. ನನ್ನದು" ಅಂದರು, ನಿಂಬೆಗಿಡವನ್ನು ನೋಡುತ್ತಾ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದದ್ದು ಇದೇ ಮೊದಲು.

"ನನಗೆ ಹೇಳಿದ್ರೆ ಆಗಲ್ಲ. ಭಾನುವಾರ ಆ ಜನರ ಎದುರಿಗೆ ಹೇಳ್ಬೇಕು."

ಹೇಳಿದರು ಕಣೇ. ಟೋಪಿ ತೆಗೆದು, ಔಷಧಿ ಅಂಗಡಿಯವರೂ ಇದ್ದ ಗುಂಪಿನ ಎದುರಿಗೆ, "ಎಂಜಿನ್ನಿನ ಕೆಲಸ, ಚಕ್ರದ ಕೆಲಸ ಪೂರ್ತಿ ಇವಳದು. ಆವತ್ತು ಬಿದ್ದದ್ದು ನನ್ನ ಹಳಿಯಿಂದ" ಅಂದರು. ಜನ ಚಪ್ಪಾಳೆ ತಟ್ಟಿದರು. ಚಕ್ರಗಳನ್ನು ನಾನು ಶನಿವಾರವೇ ಮತ್ತೆ ಜೋಡಿಸಿಟ್ಟಿದ್ದೆ. ಅಂಗಡಿಯವರು "ಅಮ್ಮಾವ್ರೇ, ನಂಬಿ ಕೂರ್ತಾ ಇದೀನಿ" ಅಂತ ಮತ್ತೆ ಅದೇ ಡಬ್ಬಿಯಲ್ಲಿ ಕೂತರು. ಬಟ್ಟೆತಂತಿ, ತೊಟ್ಟಿ, ನಿಂಬೆಗಿಡ, ಎಲ್ಲೂ ಒಂದು ಸಣ್ಣ ಕಟಕ್ ಕೂಡ ಕೇಳಿಸಲಿಲ್ಲ. ಓಡಿಸಿದವಳು ನಾನು.

ಸಿಟ್ಟು ಪೂರ್ತಿ ಇಳಿದಿಲ್ಲ. ಇಷ್ಟು ಹೇಳಿಸಲು ಇಪ್ಪತ್ತೆರಡು ಚಕ್ರ ಕಳಚಬೇಕಾಯಿತಲ್ಲ ಅನ್ನುವುದೇ ಇನ್ನೊಂದು ಸಿಟ್ಟು. ಆದರೂ ನಿನ್ನೆಯಿಂದ ಇವರ ಜೊತೆ ಸರಿಯಾಗಿ ಮಾತಾಡುತ್ತಿದ್ದೇನೆ. ನೀನು ಮಂಡಿ ಸರಿಯಾದ ಕೂಡಲೇ ಬಾ. ಕಾಲು ಮಡಿಸಬೇಕಾಗಿಲ್ಲ, ಇಳಿಬಿಟ್ಟು ಕೂರಬಹುದು. ನಿನ್ನ ಮೊಮ್ಮಗಳಿಗೆ ನನ್ನ ತುಂಬು ಆಶೀರ್ವಾದ, ಅವಳು ಕಲಿತ ಕೆಲಸ ಅವಳ ಹೆಸರಲ್ಲೇ ಉಳಿಯಲಿ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ.

ಎಂದೆಂದಿಗೂ ನಿನ್ನ
ಗುಂಡುಸೂಜಿ

ಮರೆತ ಮಾತಲ್ಲ, ಆಮೇಲೆ ನಡೆದದ್ದು. ಇವತ್ತು ಶುಕ್ರವಾರ, ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ. ನಿನ್ನೆ ಮಧ್ಯಾಹ್ನ ಇವರು ಮನೆಯಲ್ಲಿಲ್ಲದಾಗ ಪೇಪರಿನ ಹುಡುಗಿ ಬಂದಿದ್ದಳು. ಸಂಪಾದಕರಿಗೆ ನಾನು ಬರೆದ ಕಾಗದ ಓದಿ ಬೇಜಾರಾಯಿತಂತೆ, ಎದುರಿಗೇ ಕ್ಷಮೆ ಕೇಳಲು ಬಂದಳು. ನಾನು ಸರಿಯಾಗಿ ಜಾಡಿಸಿದೆ. ಅವಳು ಎಲ್ಲ ಕೇಳಿಸಿಕೊಂಡು, "ಅಮ್ಮಾ, ನಿಮ್ಮ ಕೈಯಲ್ಲಿ ಗ್ರೀಸ್ ನೋಡಿ ನಾನೇ ಅವರನ್ನ ಕೇಳಿದ್ದೆ, ಇದರಲ್ಲಿ ನಿಮ್ಮ ಮನೆಯವರ ಕೆಲಸ ಏನಾದ್ರೂ ಇದೆಯಾ ಅಂತ" ಅಂದಳು. ಅಷ್ಟಕ್ಕೇ ನಿಲ್ಲಿಸಿದಳು. ನಾನು ಬಿಡಲಿಲ್ಲ. ನೋಟುಪುಸ್ತಕ ತೆರೆದು ತೋರಿಸಿದಳು. ಇವರು ನಕ್ಕು ಹೇಳಿದ್ದು ಇದ್ದದ್ದು ಇದ್ದ ಹಾಗೆ ಇತ್ತು: "ಒಂದು ಕಾಲಕ್ಕೆ ಮಾಡ್ತಿದ್ಲು. ಈಗೆಲ್ಲಿ, ಬಲಗೈ ನಡುಗತ್ತೆ, ಲೋಟ ಹಿಡಿಯೋದೇ ಕಷ್ಟ." ಅದನ್ನು ಅಚ್ಚು ಹಾಕುವುದು ಚೆನ್ನಾಗಿರುವುದಿಲ್ಲ ಅಂತ ಅವಳೇ ಚಹಾ ಅಂತ ಬರೆದಳಂತೆ. ನನ್ನ ಮಾನ ಉಳಿಸಲು.

ಕೈ ನಡುಗುವುದು ನಿಜ. ಹೋದ ವರ್ಷ ಶುರುವಾಯಿತು. ಒಂದು ಬೆಳಿಗ್ಗೆ ಕ್ಯಾಲಿಪರ್ ಹಿಡಿದರೆ ಚಕ್ರಕ್ಕೆ ತಾಗಿ ಗಿಣಿಗಿಣಿ ಅಂದಿತು. ಇವರೊಬ್ಬರಿಗೇ ಹೇಳಿದೆ. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದು ನಮ್ಮಿಬ್ಬರಲ್ಲೇ ಇರಲಿ" ಅಂದಿದ್ದರು. ಕೊನೆಯ ಎಂಟು ಚಕ್ರಗಳನ್ನು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮಾಡಿ ಮುಗಿಸಿದೆ. ಟಾರ್ಚ್ ಹಿಡಿದು ನಿಂತವರು ಇವರೇ.

ಸಂಜೆ ಕೇಳಿದೆ. "ನಾನೇನು ಸುಳ್ಳು ಹೇಳಿದ್ನಾ?" ಅಂದರು.

ಮಗಳಿಗೂ ಗೊತ್ತಿಲ್ಲ. ನಿನಗೆ ನಾನೇ ಎದುರಿಗೆ ಕೂತು ಹೇಳಬೇಕೆಂದಿದ್ದೆ, ಧೈರ್ಯ ಬಂದಿರಲಿಲ್ಲ. ಇಷ್ಟು ವರ್ಷದ ಗೆಳತಿ ನೀನು, ಈ ಗುಟ್ಟು ಗುರುತಿಲ್ಲದ ಹುಡುಗಿಯೊಬ್ಬಳ ನೋಟುಪುಸ್ತಕದ ಪಾಲಾದ ಮೇಲೆ ನಿನಗೆ ತಿಳಿಸುತ್ತಿದ್ದೇನೆ. ನನ್ನನ್ನು ಕ್ಷಮಿಸು.